ಹೇಳದೆ ಏರಿಸಿದ ಸೀಟು

"ಏಯ್ ವೇದಾ! ಕಾಶಿನಾಥ್ ಇವತ್ತು ಕ್ಯಾಬಲ್ಲಿ ಬಂದ್ರು ಕಣೇ... ಸೈಕಲ್ ಬಿಟ್ಬಿಟ್ರಂತೆ!"

ಸಹೋದ್ಯೋಗಿ ಕೀರ್ತಿ ಹೀಗೆ ಬಾಂಬ್ ಸಿಡಿಸಿದಾಗ ವೇದಾ ಹೆಬ್ಬಾಳದ ಆಫೀಸಿನ ಪಾರ್ಕಿಂಗ್‌ನಲ್ಲಿ ತನ್ನ ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಸುಮ್ನಿರೇ! ಮಳೇಲೂ ಸೈಕಲ್ ಬಿಡದ ಮನುಷ್ಯ ಅದು."

"ಬಿಡ್ಸಿದ್ದು ಯಾರು? ನಿನ್ನೆ ಕ್ಯಾಂಟೀನಲ್ಲಿ ಎಲ್ರೆದುರು ಉಗ್ದಿದ್ದು ನೀನೇ ತಾನೇ?"

ಹೌದು... ಅವಳೇ!

ಸೈಕಲ್‌ನಲ್ಲಿ ಕೆಲಸಕ್ಕೆ ಬರಲು ಶುರುಮಾಡಿ ಇನ್ನೂ ಸ್ವಲ್ಪ ದಿನವಷ್ಟೇ ಆಗಿತ್ತು. ಬೀಳುವ ಭಯಕ್ಕೆ ಸೀಟನ್ನು ಪೂರ್ತಿ ಇಳಿಸಿಕೊಂಡಿದ್ದಳು. ಕಾಲು ಮಡಚಿಕೊಂಡೇ ತುಳಿದು ಯಲಹಂಕದಿಂದ ಬರುವಷ್ಟರಲ್ಲಿ ಮಂಡಿ ಕಿತ್ತುಬರುತ್ತಿತ್ತು. ಪಕ್ಕದ ಟೀಮಿನ ಬಾಗಲಕೋಟೆ ಹುಡುಗ ಕಾಶಿನಾಥ, ಬಸ್ಸುಗಳ ಕಡೆಗೆ ತಾನಿದ್ದು ಅವಳನ್ನು ಒಳಬದಿಗೆ ಬಿಟ್ಟುಕೊಂಡು ದಿನವೂ ಜೊತೆಗೇ ತುಳಿಯುತ್ತಿದ್ದ. ಅವಳ ನೋವು ನೋಡಲಾರದೆ ಮೊನ್ನೆ ಸಂಜೆ ಸೀಟು ಏರಿಸಿಟ್ಟ.

ಹೇಳಲಿಲ್ಲ!

ಮನೆಗೆ ಹೋಗುವಾಗ ಕೊಡಿಗೇಹಳ್ಳಿ ಗೇಟ್ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಕಾಲು ನೆಲಕ್ಕೆ ಎಟುಕಲೇ ಇಲ್ಲ. ಎಳನೀರು ಬುರುಡೆಗಳ ರಾಶಿ ಮೇಲೆ ಧೊಪ್ಪನೆ...!

'ನನ್ ಸೈಕಲ್ ಮುಟ್ಟೋಕೆ ನೀವ್ಯಾರ್ರೀ? ಇನ್ಮೇಲೆ ನನ್ ಜೊತೆ ಬರ್ಬೇಡಿ!' ಎಂದು ನಿನ್ನೆ ಕ್ಯಾಂಟೀನಿನಲ್ಲಿ ಕೂಗಾಡಿದ್ದಳು.

ಇವತ್ತು ಮಾತ್ರ ಹಟಕ್ಕೆ ಬಿದ್ದು ಅದೇ ಎತ್ತರದ ಸೀಟಿನಲ್ಲೇ ಒಬ್ಬಳೇ ಬಂದಿದ್ದಳು. ನಿಲ್ಲುವ ಮೊದಲು ಸೀಟಿನಿಂದ ಮುಂದಕ್ಕೆ ಜಾರಿದರೆ ಕಾಲು ತಾನಾಗಿ ನೆಲ ಮುಟ್ಟುತ್ತದೆಂದು ಕಲಿತೂಬಿಟ್ಟಳು. ಮಂಡಿ ನೋಯಲೇ ಇಲ್ಲ. ಆದರೆ ದಾರಿಯುದ್ದಕ್ಕೂ ಬಲಗಡೆ ಖಾಲಿ ಖಾಲಿ...

ವೇದಾ ನೇರವಾಗಿ ಕ್ಯಾಂಟೀನಿಗೆ ನಡೆದಳು.

"ನನ್ಮೇಲಿನ ಸಿಟ್ಟನ್ನ ಸೈಕಲ್ ಮೇಲೆ ತೀರಿಸ್ಕೊಳ್ತಿದೀರಾ?"

ಕಾಶಿನಾಥ ಕಾಫಿ ಲೋಟ ಕೆಳಗಿಟ್ಟ.

"ಸಿಟ್ಟಲ್ರೀ. ಇಬ್ರದೂ ಒಂದ ರಸ್ತಾ. ದಾರ್ಯಾಗ ನನ್ ಮಾರಿ ನೋಡಬಾರ್ದಂತ ನೀವು ಸೈಕಲ್ ಬಿಟ್ಟುಬಿಡ್ತೀರೇನೋ ಅನಸ್ತು. ಈಗಷ್ಟ ಶುರು ಮಾಡೀರಿ... ಅದಕ್ಕ ನಾನ ಬಿಟ್ಟೆ."

ವೇದಾ ಅಂದುಕೊಂಡಳು, 'ನನಗೋಸ್ಕರ...?'

"ನಿಮ್ನ ಕೇಳದ ಸೀಟ್ ಮುಟ್ಟಿದ್ದು ತಪ್ಪಾತ್ರೀ."

"ತಪ್ಪೇ! ಇನ್ಮೇಲೆ ಕೇಳಿ ಮುಟ್ಟಿ. ನಾನು ಕೂಗಾಡಿದ್ದೂ ತಪ್ಪು, ಸಾರಿ." ಅವಳು ದನಿ ಎತ್ತರಿಸಿದಳು. "ಎಲ್ರೆದುರು ಬೈದಿದ್ದೆ, ಎಲ್ರೆದುರೇ ಹೇಳ್ತೀನಿ. ನಂಗೆ ನೀವು ಇಷ್ಟ!"

ಕ್ಯಾಂಟೀನಿನ ತಲೆಗಳೆಲ್ಲ ಇತ್ತ ತಿರುಗಿದವು! ಕಾಶಿನಾಥನ ಕಿವಿಗಳು ಕೆಂಪಾದವು.

"ನನಗೂರೀ... ನೀವು ಹೆಲ್ಮೆಟ್ ಉಲ್ಟಾ ಹಾಕ್ಕೊಂಡು ಬಂದಿದ್ರಲ್ಲ, ಅವತ್ತಿಂದ."

"ಉಲ್ಟಾನಾ?! ಅವತ್ತೇ ಹೇಳ್ಬಾರ್ದಿತ್ತಾ?"

"ಭಾಳ ಚಂದ ಕಾಣ್ತಿದ್ರಿ!"

"ಅಯ್ಯೋ ದೇವ್ರೇ!" ವೇದಾ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು. "ನಾಳೆ ಬೆಳಗ್ಗೆ ಕೋಗಿಲು ಕ್ರಾಸಲ್ಲಿ ಸಿಗಿ, ಒಟ್ಗೇ ಬರೋಣ. ಕ್ಯಾಬಲ್ಲಿ ಬಂದ್ರೆ ನೋಡಿ ಮತ್ತೆ!"

"ನೀವು ಏಳೂಕಿಂತ ಮದ್ಲ ಅಲ್ಲಿ ನಿಂತಿರ್ತೀನ್ರೀ."