ಅಪರಾಧಿ ಗೊತ್ತಾದ ಪುಟ

೨೦೧೯ರ ಫೆಬ್ರುವರಿ ೧೨, ಮಂಗಳವಾರ, ಬೆಳಿಗ್ಗೆ ೧೦.೪೦. ಅಲೆಕ್ಸಾಂಡ್ರಿಯಾದ ಹಳೇ ಪೇಟೆಯ ಪೊಲೀಸ್ ಠಾಣೆಗೆ ಎಡಗೈಗೆ ಹಸಿ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬರು ಬಂದರು. ಹೆಸರು ವಿದಾದ್ ಮಿನ್ಶಾವಿ, ವಯಸ್ಸು ಅರವತ್ಮೂರು. ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿ ನಿವೃತ್ತರಾದವರು, ಹಾಗಾಗಿ ಊರವರ ಬಾಯಲ್ಲಿ ಡಾಕ್ಟ್ರು. ಜೊತೆಗೆ ಪಕ್ಕದ ಮನೆಯ ತಹಾನಿ ಬಂದಿದ್ದಳು. ಕೇಳುವ ಮೊದಲೇ ಉತ್ತರ ಕೊಡುವ ಸ್ವಭಾವ ಅವಳದು.

ಇನ್ಸ್‌ಪೆಕ್ಟರ್ ರಿಫಾತ್ ಶಲಬಿ ಕುರ್ಚಿ ತೋರಿಸಿದ.

"ಏನಾಯ್ತು ಡಾಕ್ಟ್ರೆ?"

"ನಿನ್ನೆ ಸಂಜೆ ಐದೂಕಾಲಿಗೆ ನಮ್ಮ ಮನೆ ಮೆಟ್ಟಿಲ ಮೇಲಿಂದ ನನ್ನ ತಳ್ಳಿದ್ರು. ಸಾಯಿಸೋಕೇ ತಳ್ಳಿದ್ದು. ಆರು ಮೆಟ್ಟಿಲು ಉರುಳಿದೆ, ಮಣಿಕಟ್ಟು ಮುರೀತು."

"ಯಾರು?"

"ಹಾಜಿಮ್ ಅಲ್ಫಿ. ಕಾದಂಬರಿ ಬರೀತಾನಲ್ಲ, ಅವನೇ."

"ನಾನು ಕಿವಿಯಾರೆ ಕೇಳಿದೀನಿ ಬಾಷಾ," ಅಂದಳು ತಹಾನಿ, ಅಲ್ಲಿ ಪೊಲೀಸ್ ಅಧಿಕಾರಿಯನ್ನು ಎಲ್ಲರೂ ಮರ್ಯಾದೆಯಿಂದ ಕರೆಯುವ ಹಾಗೆ. "'ಹಾಜಿಮ್, ಬೇಡ!' ಅಂತ ಇವರು ಕೂಗಿದ್ದು. ಓಡಿ ಬಂದ್ರೆ ಕೆಳಗೆ ಬಿದ್ದಿದ್ರು. ಮೊದಲೇ ಒಂಟಿ ಜೀವ. ತಂಗಿ ಮಗಳು ನಿಹಾಲ್ ಅಂತ ಒಬ್ಬಳಿದ್ಲು, ವಾರಕ್ಕೆರಡು ಸಲ ಬರೋಳು. ಆ ದರಿದ್ರ ಪುಸ್ತಕ ಬಂದ ಮೇಲೆ ಹನ್ನೊಂದು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ."

ಪುಸ್ತಕದ ವಿಷಯ ಊರಿಗೇ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ವಿದಾದರ ತಂಗಿ ಸುಹೈರ್ ಬಟ್ಟೆ ಒಣಹಾಕುವಾಗ ಬಾಲ್ಕನಿಯ ತುಕ್ಕು ಹಿಡಿದ ಕಂಬಿ ಮುರಿದು ಮೂರನೇ ಮಹಡಿಯಿಂದ ಬಿದ್ದು ಸತ್ತಿದ್ದಳು. ಹಾಜಿಮನ ‘ಹಸಿರು ಚಪ್ಪಲಿ’ ಎಂಬ ಕಾದಂಬರಿಯಲ್ಲಿಯೂ ಒಬ್ಬ ತಂಗಿ ಹಾಗೇ ಬೀಳುತ್ತಾಳೆ. ಆದರೆ ಅಲ್ಲಿ ಔಷಧಿ ಅಂಗಡಿಯ ಅಕ್ಕನೇ ಅವಳನ್ನು ತಳ್ಳಿರುತ್ತಾಳೆ. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಾಯಿತು. ಬ್ರೆಡ್ ಅಂಗಡಿಯವನು ಕೂಡ ವಿದಾದರ ಮುಖ ನೋಡದೆ ಚಿಲ್ಲರೆ ಕೊಡುತ್ತಿದ್ದ.

"ಅವನಿಗೆ ನಿಮ್ಮ ಮೇಲೆ ಯಾಕೆ ದ್ವೇಷ?" ಎಂದ ರಿಫಾತ್.

"ಮಾನನಷ್ಟದ ಕೇಸು ಹಾಕ್ತೀನಿ ಅಂದಿದ್ದೆ."

೧೧.೧೦ಕ್ಕೆ ಎಫ್‌ಐಆರ್ ದಾಖಲಾಯಿತು. ಕೊಲೆ ಯತ್ನ.

ಮಧ್ಯಾಹ್ನ ೧೨.೧೫ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಮಹಜರು ನಡೆಯಿತು. ಎರಡನೇ ಮಹಡಿಯ ತಿರುವಿನಲ್ಲಿ ಕೊಂಬಿನಿಂದ ಮಾಡಿದ ಕೋಟಿನ ಗುಂಡಿಯೊಂದು ಸಿಕ್ಕಿತು, ದಾರ ಇನ್ನೂ ಅದರಲ್ಲೇ ಇತ್ತು. ಕೆಳಗೆ ವಿದಾದರ ಅಂಚೆ ಡಬ್ಬಿಯಲ್ಲಿ ‘ಹಸಿರು ಚಪ್ಪಲಿ’ಯಿಂದ ಹರಿದ ಒಂದು ಹಾಳೆ ಸಿಕ್ಕಿತು, ಪುಟ ೨೧೧. ತಂಗಿ ಬಿದ್ದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪತ್ರಿಕೆಯಿಂದ ಕತ್ತರಿಸಿದ ಅಕ್ಷರಗಳಲ್ಲಿ ‘ಈಗ ನಿನ್ನ ಸರದಿ’ ಎಂದು ಅಂಟಿಸಲಾಗಿತ್ತು. ರಿಫಾತ್ ಹಾಳೆಯನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಏನೋ ಒಂದರ ಕಚ್ಚು ಉಳಿದಿತ್ತು: ಅರ್ಧ ವೃತ್ತ, ಅದರೊಳಗೆ ಓರೆ ಗೆರೆ. ಅದನ್ನೂ ಮಹಜರಿನಲ್ಲಿ ಬರೆಸಿದ.

ಸಂಜೆ ೪.೩೦ಕ್ಕೆ ಹಾಜಿಮ್ ಅಲ್ಫಿಯ ಮನೆ. ಗೂಟಕ್ಕೆ ನೇತುಹಾಕಿದ್ದ ಕೋಟಿನ ಕೊಂಬಿನ ಗುಂಡಿಗಳಲ್ಲಿ ಒಂದು ಇರಲಿಲ್ಲ.

"ನಿನ್ನೆ ಐದೂಕಾಲಿಗೆ ಎಲ್ಲಿದ್ರಿ?"

"ಮನೇಲಿ. ಬರೀತಿದ್ದೆ. ನಾಲ್ಕರಿಂದ ಏಳರವರೆಗೆ ಫೋನ್ ಆಫ್ ಮಾಡ್ತೀನಿ. ಇದು ನನ್ನ ಓದುಗರಿಗೆಲ್ಲ ಗೊತ್ತು, ಎಷ್ಟು ಸಂದರ್ಶನದಲ್ಲಿ ಹೇಳಿಲ್ಲ!"

"ನೋಡಿದವರು ಯಾರಾದ್ರೂ?"

"ಒಬ್ಬನೇ ಇರೋನನ್ನ ಯಾರ್ರೀ ನೋಡ್ತಾರೆ?"

ಅವನನ್ನು ಠಾಣೆಗೆ ತಂದರು. ಮರುದಿನ ಟೀವಿಯಲ್ಲಿ ಅವನ ಮುಖವೇ ಮುಖ. ನಿನ್ನೆಯವರೆಗೆ ಹೊಗಳುತ್ತಿದ್ದ ಓದುಗರು, ಇವನ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು ಎಂದು ಬರೆದರು. ಗುರುತಿಸಲು ಕರೆಸಿದಾಗ ವಿದಾದ್ ಬೇಡಿ ತೊಟ್ಟ ಹಾಜಿಮನನ್ನು ಒಂದು ನಿಮಿಷ ಪೂರಾ ನೋಡಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಸಿದವರು ತಟ್ಟೆ ನೋಡುವಂತೆ ನೋಡಿದರು ಎಂದು ಕಾನ್‌ಸ್ಟೆಬಲ್ ಜಾಬರ್ ಆಮೇಲೆ ಹೇಳಿದ.

ಈ ಜಾಬರ್ ಬಾಡಿಗೆಗೆ ಪತ್ತೇದಾರಿ ಪುಸ್ತಕ ತಂದು ಪಹರೆಯ ಕುರ್ಚಿಯಲ್ಲಿ ಓದುವ ಮನುಷ್ಯ. ರಿಫಾತ್ ಮೂರು ಸಲ ಬೈದಿದ್ದ. ಬುಧವಾರ ಚಹಾ ಇಟ್ಟವನು ಹೋಗದೆ ಅಲ್ಲೇ ನಿಂತ.

"ಏನೋ?"

"ಬಾಷಾ, ಗುಂಡಿ ಸಿಕ್ತು, ಸರಿ. ಹೆಸರು ಕೂಗಿದ್ದು ಕೇಳಿಸ್ತು, ಅದೂ ಸರಿ. ತನ್ನ ಪುಸ್ತಕದ ಹಾಳೆಯನ್ನೇ ಹರಿದು ಡಬ್ಬಿಗೆ ಹಾಕ್ತಾನಾ? ಅಂಥ ಕತೆ ಬಂದ್ರೆ ನಾನು ಪುಸ್ತಕ ವಾಪಸ್ ಕೊಟ್ಟು ಜಗಳ ಆಡ್ತೀನಿ."

"ಇದು ಕತೆ ಅಲ್ಲಯ್ಯ."

"ಅದೇ ನಾನೂ ಹೇಳ್ತಿರೋದು. ಕತೆ ಥರ ಯಾಕಿದೆ?"

ರಿಫಾತನ ತಲೆಯಲ್ಲೂ ಅದೇ ಹುಳ ಕೊರೆಯುತ್ತಿತ್ತು. ಹಾಜಿಮನ ಮನೆಯಲ್ಲಿದ್ದ ಪುಸ್ತಕದ ಅಷ್ಟೂ ಪ್ರತಿಗಳನ್ನು ಪುಟ ಪುಟ ನೋಡಿಸಿದ್ದ. ಒಂದರಲ್ಲೂ ಹಾಳೆ ಹರಿದಿರಲಿಲ್ಲ.

"ಈ ಡಾಕ್ಟ್ರಮ್ಮ, ಆ ಸಾಹಿತಿ ಮೊದಲು ಭೇಟಿಯಾಗಿದ್ದು ಎಲ್ಲಿ?"

"ಗುರುವಾರದ ಓದುಗರ ಕೂಟದಲ್ಲಿ ಬಾಷಾ. ಬಂದರಿನ ಹತ್ತಿರದ ಕಾಫಿ ಅಂಗಡೀಲಿ ಸೇರ್ತಾರೆ."

ಫೆಬ್ರುವರಿ ೧೪, ಗುರುವಾರ, ಸಂಜೆ ೫.೦೦. ಕೂಟ ನಡೆಸುವವರು ನಜೀಹ್ ಮಿಖಾಯಿಲ್, ನಿವೃತ್ತ ಮೇಷ್ಟ್ರು. ಕೊಲೆ ಕತೆ, ಮನಸ್ಸಿನ ಒಳಸುಳಿಯ ಕತೆ ಬಿಟ್ಟು ಬೇರೇನೂ ಇವರು ಓದುವುದಿಲ್ಲ. ಅಂದು ಕೂಟ ಎರಡು ಪಾಲಾಗಿತ್ತು, ಒಂದು ಪಾಲು ಹಾಜಿಮ್ ಕೊಲೆಗಾರ ಎಂದು, ಇನ್ನೊಂದು ಪಾಲು ಅವನಿಗೆ ಅಷ್ಟು ಬುದ್ಧಿ ಇಲ್ಲ ಎಂದು.

"ಹೋದ ಗುರುವಾರ ಹಾಜಿಮ್ ಬಂದಿದ್ರಾ?"

"ಬಂದಿದ್ರು ಬಾಷಾ. ಕೋಟು ಕುರ್ಚಿ ಬೆನ್ನಿಗೆ ಹಾಕಿ ಎರಡು ಗಂಟೆ ಭಾಷಣ ಬಿಗಿದ್ರು."

"ಅವರ ಹಿಂದೆ ಕೂತಿದ್ದು ಯಾರು?"

ನಜೀಹ್ ನೆನಪಿಸಿಕೊಂಡರು. "ವಿದಾದ್. ಆ ಪುಸ್ತಕ ಬಂದ ಮೇಲೆ ಅವತ್ತೇ ಮೊದಲು ಬಂದಿದ್ದು. ಒಂದು ಮಾತೂ ಆಡ್ಲಿಲ್ಲ."

ರಿಫಾತ್ ತನ್ನ ಡೈರಿಯಲ್ಲಿ ಅರ್ಧ ವೃತ್ತ ಬರೆದು, ಒಳಗೆ ಓರೆ ಗೆರೆ ಎಳೆದು ತೋರಿಸಿದ. "ಇದು ಏನು ಗೊತ್ತಾ?"

ಮೇಷ್ಟ್ರು ನಕ್ಕರು. "ಔಷಧಿ ಕುಟ್ಟೋ ಕಲ್ಲು! ನಮ್ಮಲ್ಲಿ ಒಂದು ಪದ್ಧತಿ ಬಾಷಾ. ಓದ್ತಾ ಓದ್ತಾ ಅಪರಾಧಿ ಯಾರು ಅಂತ ಹೊಳೆದ ತಕ್ಷಣ ಆ ಪುಟದ ಅಂಚಿಗೆ ಗುರುತು ಹಾಕ್ಬೇಕು. ಒಬ್ಬೊಬ್ಬರಿಗೆ ಒಂದೊಂದು ಗುರುತು. ಆಮೇಲೆ ಯಾರು ಮೊದಲು ಕಂಡುಹಿಡಿದ್ರು ಅಂತ ನೋಡ್ತೀವಿ. ಅದು ವಿದಾದ್ ಗುರುತು. ಅವರನ್ನ ಸೋಲಿಸೋರು ಇಲ್ಲ, ಐವತ್ತು ಪುಟ ದಾಟಿದ್ದೇ ಅಪರೂಪ."

ಇನ್ಸ್‌ಪೆಕ್ಟರನ ಮುಖ ನೋಡಿ ಮೇಷ್ಟ್ರು, ಸದಸ್ಯರು ಓದಿದ್ದರ ಬಗ್ಗೆ ಬರೆದಿಡುವ ಪುಸ್ತಕ ತಂದಿಟ್ಟರು.

ಕೂಟದ ಅಭಿಪ್ರಾಯ ಪುಸ್ತಕವನ್ನು ರಿಫಾತ್ ಅಲ್ಲೇ ಕೂತು ಓದಿದ. ವಿದಾದರ ಬರಹ ಚಾಕುವಿನಷ್ಟು ಚೂಪಾಗಿತ್ತು. ‘ಸುಳಿವು ಎರಡು ಇರಲಿ, ಮೂರನೆಯದು ಬಂದರೆ ಅದು ಸುಳಿವಲ್ಲ, ಸಂತೆ.’ ‘ಕೊನೆಗೆ ಅವಳಿಗೆ ಹುಚ್ಚಿತ್ತು ಎಂದು ಮುಗಿಸುವುದು ಲೇಖಕನ ಸೋಮಾರಿತನ. ನೆಟ್ಟಗಿರುವವರೇ ಹೆಚ್ಚು ಕೆಟ್ಟದ್ದು ಮಾಡುತ್ತಾರೆ.’ ‘ಹಸಿರು ಚಪ್ಪಲಿ’ಯ ಬಗ್ಗೆ ಹೋದ ಗುರುವಾರದ ತಾರೀಕಿನಲ್ಲಿ ಎರಡೇ ಸಾಲು ಇತ್ತು: ‘ಅನುಮಾನದಲ್ಲಿ ಬದುಕುವುದು ಹೇಗಿರುತ್ತದೆ ಎಂದು ಈ ಲೇಖಕನಿಗೆ ಗೊತ್ತಿಲ್ಲ. ಯಾರಾದರೂ ಕಲಿಸಬೇಕು.’

ಫೆಬ್ರುವರಿ ೧೬, ಶನಿವಾರ, ಬೆಳಿಗ್ಗೆ ೧೧.೦೦. ಶೋಧನಾ ಆಜ್ಞೆ ಹಿಡಿದು ರಿಫಾತ್, ಜಾಬರ್ ಇಬ್ಬರೂ ಪಂಚರೊಂದಿಗೆ ವಿದಾದರ ಮನೆಗೆ ಹೋದರು.

"‘ಹಸಿರು ಚಪ್ಪಲಿ’ ನಿಮ್ಮ ಹತ್ರ ಇದೆಯಾ ಡಾಕ್ಟ್ರೆ?"

ವಿದಾದ್ ಅಡುಗೆಮನೆಯ ಕಡೆ ಕೈ ತೋರಿಸಿ, "ಇದೆ. ಫ್ರಿಜ್ಜಿನ ಕಾಲಿನ ಕೆಳಗೆ," ಎಂದರು. "ಅಲುಗಾಡ್ತಿತ್ತು. ಅಷ್ಟಕ್ಕಾದರೂ ಬಂತು."

ಜಾಬರ್ ಮಂಡಿಯೂರಿ ಎಳೆದು ತೆಗೆದ. ೨೧೦ ಆದ ಮೇಲೆ ೨೧೩. ಹರಿದ ಹಾಳೆಯನ್ನು ಇಟ್ಟು ನೋಡಿದರೆ ಅಂಚಿಗೆ ಅಂಚು ಕೂಡಿತು. ಪಂಚರು ರುಜು ಹಾಕಿದರು.

"ಮೆಟ್ಟಿಲ ಮೇಲಿಂದ ನೀವೇ ಬಿದ್ರಿ."

"ಹೂಂ."

"ಕುತ್ತಿಗೆ ಮುರಿದಿದ್ರೆ?"

"ಇನ್ನೂ ಒಳ್ಳೇದೇ ಆಗ್ತಿತ್ತು. ಅವನು ನೇಣಿಗೆ ಹೋಗ್ತಿದ್ದ."

"ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರಲ್ಲ ಡಾಕ್ಟ್ರೆ."

"ನಾನು ಮುರ್ಕೊಂಡಿದ್ದು ಮಣಿಕಟ್ಟು. ಆರು ವಾರದಲ್ಲಿ ಕೂಡುತ್ತೆ."

"ಎರಡು ಸುಳಿವು ಸಾಕು ಅಂತ ಬರೆದೋರು ನೀವು. ಹಾಳೆ ಯಾಕೆ ಹಾಕಿದ್ರಿ?"

ಈ ಪ್ರಶ್ನೆಗೆ ಮಾತ್ರ ವಿದಾದ್ ತಮ್ಮ ಪ್ಲಾಸ್ಟರನ್ನು ನೋಡುತ್ತಾ ಉತ್ತರಿಸಿದರು. "ತಡೆಯೋಕಾಗ್ಲಿಲ್ಲ. ಅವನ ಮಾತನ್ನ ಅವನ ಬಾಯಿಗೇ ತುರುಕಬೇಕು ಅನ್ನಿಸ್ತು."

ಜಾಬರನಿಗೆ ತಡೆಯಲಾಗಲಿಲ್ಲ. "ಇನ್ನೊಂದು ಪ್ರತಿ ಕೊಂಡು ಅದರ ಹಾಳೆ ಹರಿದಿದ್ರೆ ನಾವು ಹಿಡೀತಾನೇ ಇರಲಿಲ್ಲ, ಡಾಕ್ಟ್ರಮ್ಮ!"

"ನನ್ನ ದುಡ್ಡಲ್ಲಿ ಆ ನಾಯಿಗೆ ಇನ್ನೊಂದು ಪ್ರತಿ ಮಾರಾಟ ಆಗ್ಬೇಕಿತ್ತಾ?" ಎಂದು ವಿದಾದ್ ಸಿಡಿದರು. ಆಮೇಲೆ ದನಿ ಇಳಿಸಿ ಹೇಳಿದರು: "ಬಾಷಾ, ನಾನು ಐವತ್ತು ಪುಟದೊಳಗೆ ಅಪರಾಧಿಯನ್ನ ಹಿಡಿಯೋಳು. ಇದರಲ್ಲಿ ಇನ್ನೂರು ದಾಟಿದ್ರೂ ಹೊಳೀಲಿಲ್ಲ. ಹೆಸರು ನೋಡಿ, ನನ್ನ ತಂಗಿ ನೆನಪಿಗೆ ಬರೆದಿದಾನೆ, ಅಕ್ಕ ಒಳ್ಳೇವಳು ಅಂದ್ಕೊಂಡೇ ಓದಿದೆ. ಇನ್ನೂರ ಹನ್ನೊಂದರಲ್ಲಿ ಬಾಲ್ಕನೀಲಿ ಹಸಿರು ಚಪ್ಪಲಿ ಬಂತು. ಸುಹೈರದ್ದು. ಅದರ ವಿಷಯ ನಾನು ಒಬ್ಬನಿಗೇ ಹೇಳಿದ್ದು, ಒಂದು ಗುರುವಾರ, ಅವನ ಎದುರು ಅತ್ತು. ಅಪರಾಧಿ ನಾನೇ ಅಂತ ಅಲ್ಲಿ ಗೊತ್ತಾಯ್ತು. ಅಭ್ಯಾಸ ನೋಡಿ, ಗುರುತು ಹಾಕ್ಬಿಟ್ಟಿದ್ದೆ."

೧೧.೫೦ಕ್ಕೆ ಬಂಧನ. ಸುಳ್ಳು ದೂರು, ಸುಳ್ಳು ಸಾಕ್ಷ್ಯ ಸೃಷ್ಟಿ.

ಮಧ್ಯಾಹ್ನ ೨.೩೦ಕ್ಕೆ ಹಾಜಿಮನನ್ನು ಬಿಡುವ ಮೊದಲು ಹೇಳಿಕೆ ಪಡೆಯಬೇಕಿತ್ತು. ಅವನು ಆಗಲೇ ಗೆದ್ದವನ ಗತ್ತಿನಲ್ಲಿದ್ದ.

"ನಾನು ಕ್ಷಮಿಸ್ತೀನಿ ಬಾಷಾ. ಎಷ್ಟಾದ್ರೂ ನನ್ನ ಓದುಗರು. ಇದೂ ಒಳ್ಳೇ ಕತೆ ಆಗುತ್ತೆ."

ರಿಫಾತನಿಗೆ ಮೈ ಉರಿಯಿತು. ಅವನ ಕೆಲಸ ಪ್ರಶ್ನೆ ಕೇಳುವುದು, ಕೇಳಿದ.

"ಅಕ್ಕ ತಂಗಿಯನ್ನ ತಳ್ಳಿದ್ಲು ಅಂತ ನಿಮಗೆ ಹೇಳಿದ್ದು ಯಾರು?"

"ಅದು ಕಾದಂಬರಿ ಬಾಷಾ."

"ಇದು ಹೇಳಿಕೆ. ಯಾರು ಹೇಳಿದ್ದು?"

"ಯಾರೂ ಇಲ್ಲ."

"ಕಂಬಿ ಮುರಿದು ಬಿದ್ದಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ಹೇಳಿದ್ರಲ್ಲ. ಆದ್ರೆ ತಂಗಿ ಸುಮ್ಮನೆ ಬಿದ್ದು ಸತ್ರೆ ಯಾರ್ರೀ ಓದ್ತಾರೆ?"

"ಜಾಬರ್, ಇದ್ದ ಹಾಗೇ ಬರ್ಕೊ."

ಜಾಬರ್ ಅಕ್ಷರ ಬಿಡದೆ ಬರೆದುಕೊಂಡ. ಹಾಜಿಮ್ ಸಹಿ ಹಾಕಿದ. ವರದಿಯಲ್ಲಿ ಅಪರಾಧದ ಪ್ರೇರಣೆ ಎಂಬಲ್ಲಿ ರಿಫಾತ್ ‘ಸೇಡು’ ಎಂದು ಬರೆದು, ಅಷ್ಟಕ್ಕೆ ಬಿಡಲು ಮನಸ್ಸಾಗದೆ ಮುಂದುವರಿಸಿದ: ‘ಆರೋಪಿಯನ್ನು ಹನ್ನೊಂದು ತಿಂಗಳು ಊರೇ ಕೊಲೆಗಾತಿಯಂತೆ ನೋಡಿತು. ಒಂದು ವಾರವಾದರೂ ಅವನು ಅದನ್ನು ಉಣ್ಣಲಿ ಎಂಬುದೇ ಉದ್ದೇಶ. ಪಶ್ಚಾತ್ತಾಪವಿಲ್ಲ ಎಂದು ಬರೆದುಕೊಳ್ಳಲು ಆರೋಪಿಯೇ ಹೇಳಿದ್ದಾರೆ.’

ವಕೀಲರು ಬೇಕೇ ಎಂದು ಕೇಳಿದ್ದಕ್ಕೆ, ಲಾಕಪ್ಪಿನಿಂದ ಎಲ್ಲ ಕೇಳಿಸಿಕೊಂಡಿದ್ದ ವಿದಾದ್ ಹಾಜಿಮನ ಹೇಳಿಕೆಯ ನಕಲು ಬೇಕು ಎಂದರು. "ನಿಹಾಲಿಗೆ ತೋರಿಸಿ. ಅಷ್ಟು ಸಾಕು."

ಸಂಜೆ ೫.೨೦ಕ್ಕೆ ನಿಹಾಲ್ ಬಂದಳು, ಇಪ್ಪತ್ತಾರರ ಹುಡುಗಿ. ತಾಯಿ ಬಿದ್ದಾಗ ಅವಳಿಗೆ ಹನ್ನೆರಡು. ಬೆಂಚಿನ ಮೇಲೆ ಕೂತು ಆ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಕಂಬಿಯ ಹತ್ತಿರ ಹೋಗಿ ಅತ್ತಳು.

"ದೊಡ್ಡಮ್ಮ, ತಪ್ಪಾಯ್ತು. ಈಗ ನಂಬಿಕೆ ಬಂತು. ವಕೀಲರನ್ನ ಕರ್ಕೊಂಡು ಬರ್ತೀನಿ, ಮನೆಗೆ ಹೋಗೋಣ."

ಈ ಮಾತಿಗಾಗಿ ಹನ್ನೊಂದು ತಿಂಗಳು ಕಾದ ಹೆಂಗಸು ಅವಳನ್ನು ದಿಟ್ಟಿಸಿ ನೋಡಿದರು. ಬೇಡಿ ತೊಟ್ಟ ಹಾಜಿಮನನ್ನು ನೋಡುವಾಗ ಇದ್ದ ಹಸಿವು ಆ ಕಣ್ಣಿನಲ್ಲಿ ಈಗ ಇರಲಿಲ್ಲ.

"ನಿನ್ನ ಹನ್ನೆರಡನೇ ವಯಸ್ಸಿಂದ ಸಾಕಿದೀನಿ," ಎಂದರು ವಿದಾದ್. "ನನ್ನ ನಂಬೋಕೆ ನಿನಗೆ ಅವನ ರುಜು ಬೇಕಾಯ್ತಾ?"