ಜಮಖಂಡಿಗೆ ಬಂದ ಸಮುದ್ರ

“ಉಪ್ಪು ನೀರಿಗೆ ತಡಿಯೂ ಪೈಪ್ ಬೇಕಾಗ್ಯಾವ್ರಿ” ಎಂದು ಸಂಘಮಿತ್ರಾ ಕೇಳಿದಾಗ ಶಿವಯೋಗಿ ಕೈಯಲ್ಲಿದ್ದ ಫೋನಿನಿಂದ ತಲೆ ಎತ್ತಲೇ ಇಲ್ಲ.

“ಎಷ್ಟು ಎಕರೆಕ್ಕರಿ?”

“ಎಕರೆ ಅಲ್ರಿ. ನಾಕು ಫೂಟಿಗೆ.”

ಆಗ ತಲೆ ಎತ್ತಿದ. ತುಟಿಗೆ ನಗು ಬರುವ ಮೊದಲೇ ಹುಬ್ಬಿಗೆ ಬಂದುಬಿಡುವ ಮುಖ ಅದು. ಜಮಖಂಡಿಯ ಕುಡಚಿ ರಸ್ತೆಯ ಅವನ ಪೈಪು, ಡ್ರಿಪ್ ನೀರಾವರಿಯ ಅಂಗಡಿಗೆ ಸುತ್ತಲಿನ ಹಳ್ಳಿಯ ರೈತರೆಲ್ಲ ಬರುತ್ತಿದ್ದರು. ಕಾಲುವೆಯ ನೀರು ಹೆಚ್ಚಾಗಿ ಹೊಲ ಸವಳಾದವರೂ ಬರುತ್ತಿದ್ದರು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಮೇಡಂ ಒಬ್ಬರು ಹಾಳೆಯ ತುಂಬ ಪೆನ್ಸಿಲ್ ಗೆರೆ ಎಳೆದುಕೊಂಡು ಬಂದದ್ದು ಇದೇ ಮೊದಲು.

“ನಾಕು ಫೂಟಿನ ಹೊಲಾ?”

“ಹೊಲ ಅಲ್ಲ, ಗಾಜಿನ ಟ್ಯಾಂಕ್. ಮನ್ಯಾಗ ಸಣ್ಣದೊಂದು ಸಮುದ್ರ ಮಾಡಬೇಕಂತ ಮಾಡೇನಿ. ಹವಳ, ಮೀನು, ಎಲ್ಲಾ.”

“ಮೇಡಂ, ನೀರಾಗಿನ ಉಪ್ಪು ಹ್ಯಾಂಗ ತಗೀಬೇಕಂತ ಕೇಳಾಕ ದಿನಾ ಮಂದಿ ಬರ್ತಾರ. ಉಪ್ಪು ಹಾಕಾಕ ಅಂತ ಬಂದವ್ರು ನೀವ ಮೊದಲು.”

“ಪೈಪ್ ಕೊಡ್ತೀರೋ ಇಲ್ಲೋ?”

“ಕೊಡ್ತೇನ್ರಿ. ಸಮುದ್ರ ನೋಡಾಕ ಕರೀತೀರೋ ಇಲ್ಲೋ?”

ಸಂಘಮಿತ್ರಾ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ರಸ್ತೆಗೆ ಇಳಿದ ಮೇಲೆ ನೋಡಿದರೆ ತನ್ನ ಮನೆಯ ವಿಳಾಸ ಹೇಳಿಯೇ ಬಂದಿದ್ದಳು.

ಮರುದಿನ ಅವನು ಬಂದ. ಹಜಾರದ ಮೂಲೆಯನ್ನು ಅಳೆದ, ನೆಲವನ್ನು ಹಿಮ್ಮಡಿಯಿಂದ ಕುಟ್ಟಿ ನೋಡಿದ. ಸಂಘಮಿತ್ರಾಳ ತಂದೆ ಪರಮಾನಂದ, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕ್ರಿಕೆಟ್ ನೋಡುವ ಹಾಗೆ ನೋಡಿದರು. ತಾಯಿ ಮಾದೇವಿ ಚಹಾ ಕೊಟ್ಟರು. ಅವನು ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಕೂತು, ಬಸಿಯಲ್ಲಿ ಸುರಿದುಕೊಂಡು, ಸದ್ದು ಮಾಡಿಕೊಂಡು ಕುಡಿದ. ಅವನ ಕೊರಳಲ್ಲಿ ಲಿಂಗದ ದಾರವಿತ್ತು. ಅದನ್ನು ಮಾದೇವಿಯೂ ನೋಡಿದರು, ಸಂಘಮಿತ್ರಾಳೂ ನೋಡಿದಳು.

ಆಮೇಲೆ ಅವಳೂ ಶಿವಯೋಗಿಯೂ ನೆಲದ ಮೇಲೆ ಹಾಳೆ ಹರವಿ ಕೂತರು. ಮೇಲೆ ದೊಡ್ಡ ಟ್ಯಾಂಕ್, ಕೆಳಗೆ ಸ್ಟ್ಯಾಂಡಿನೊಳಗೆ ಸಣ್ಣದೊಂದು. ಮೇಲಿನದು ತುಂಬಿ ಉಕ್ಕಿದ ನೀರು ಒಂದು ಪೈಪಿನಿಂದ ಕೆಳಗಿಳಿದು, ಅಲ್ಲಿ ಸೋಸಿ, ಪಂಪಿನಿಂದ ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲೇರಬೇಕು. ಎಂದೂ ನಿಲ್ಲಬಾರದು.

“ಎಲ್ಲಾ ಜೋಡಣಿ ಅಂಟಿಸಿಬಿಟ್ಟೀರಲ್ಲ” ಎಂದ ಶಿವಯೋಗಿ. “ನಾಳಿ ಪಂಪ್ ಕೆಟ್ರ ಗರಗಸ ತರ್ತೀರೇನು? ಇಲ್ಲೊಂದು, ಇಲ್ಲೊಂದು ಯೂನಿಯನ್ ಹಾಕೂಣು. ತಿರುವಿದ್ರ ಬಿಚ್ಚಬೇಕು.”

ಹೌದೆನಿಸಿ ಅವಳು ಗೆರೆ ಅಳಿಸಿ ತಿದ್ದಿದಳು. ಅವನು ಹೆಮ್ಮೆಯಿಂದ ಚೀಲದೊಳಗಿನ ಹೊಳೆಯುವ ಹಿತ್ತಾಳೆ ವಾಲ್ವ್ ತೆಗೆದಿಟ್ಟ.

“ಇದು ಬ್ಯಾಡ್ರಿ.”

“ಯಾಕ್ರಿ? ಇಪ್ಪತ್ತು ವರ್ಷ ಏನೂ ಆಗೂದಿಲ್ಲ ಇದಕ್ಕ.”

“ವಾಲ್ವಿಗೆ ಆಗೂದಿಲ್ಲ, ಒಳಗಿನ ಜೀವಕ್ಕ ಆಗ್ತೈತಿ. ಹಿತ್ತಾಳಿ ಒಳಗ ತಾಮ್ರ ಇರ್ತೈತಿ. ಹವಳಕ್ಕ ತಾಮ್ರ ಅಂದ್ರ ವಿಷ.”

ಅವನು ಬಲಗೈಯ ಬೆರಳಿನಿಂದ ತಾಮ್ರದ ಉಂಗುರವನ್ನು ನಿಧಾನವಾಗಿ ತಿರುವಿ ತಿರುವಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಉಂಗುರವಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ ಕಾಣುತ್ತಿತ್ತು. ಸಂಘಮಿತ್ರಾ ಕಣ್ಣು ಬೇರೆ ಕಡೆ ತಿರುಗಿಸಿದಳು.

ಟ್ಯಾಂಕ್ ಮಾಡಿಸಿದ್ದು ಬನಹಟ್ಟಿಯ ಗಾಜಿನ ಅಂಗಡಿಯಲ್ಲಿ. ತರಲು ಅವನ ಪಿಕಪ್ಪಿನಲ್ಲಿ ಇಬ್ಬರೂ ಹೋದರು. ಮರಳುವಾಗ ಹಿಂದೆ ನಾಲ್ಕು ಕೌದಿ ಹೊದ್ದು ಕೂತ ಟ್ಯಾಂಕನ್ನು ಅವಳು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದರಲ್ಲಿ ಒಂದೊಂದು ಹಾಡು.

“ಕೂಸಿನ್ನ ನೋಡಿದಂಗ ನೋಡಾಕತ್ತೀರಿ.”

“ನೀವು ರಸ್ತೆ ನೋಡ್ರಿ.”

“ರಸ್ತಾನೂ ನೋಡಾಕತ್ತೇನಿ.”

ಆ ‘ನೂ’ ಕೇಳಿ ಅವಳ ಕಿವಿ ಬಿಸಿಯಾಯಿತು. ಮಾತು ಬದಲಿಸಲೆಂದು, “ಸಮುದ್ರ ನೋಡೀರೇನು?” ಎಂದಳು.

“ಗೋವಾಕ್ಕ ಹೋಗಿದ್ವಿ, ದೋಸ್ತರ ಜೋಡಿ. ದಂಡಿ ಮ್ಯಾಗ ನಿಂತು ಬಂದ್ವಿ.”

ಅವಳು ಹೇಳಿದಳು. ಕಾರವಾರದಲ್ಲಿ ಓದಿದ್ದು, ಆಮೇಲೆ ನೇತ್ರಾಣಿ ದ್ವೀಪದ ಬಳಿ ಹವಳಗಳ ಸರ್ವೆಗೆಂದು ನೀರಿಗಿಳಿದದ್ದು, ಯೋಜನೆ ಮುಗಿದದ್ದು, ಸರಕಾರಿ ಕೆಲಸ ಸಿಕ್ಕಿ ಊರಿಗೇ ಬಂದದ್ದು. “ನೌಕರಿ ಛಲೋ ಐತಿ. ಹುಡುಗ್ರೂ ಛಲೋ ಅದಾರ. ಖರೆ, ಅಲ್ಲಿ ನೀರಿನ ಕೆಳಗ ಹೋದ ಕೂಡ್ಲೆ ಎಲ್ಲಾ ಸಪ್ಪಳ ನಿಂತುಬಿಡ್ತಿತ್ತು. ನನ್ನ ಉಸರ ಅಷ್ಟ ನನಗ ಕೇಳಸ್ತಿತ್ತು. ಅದು ಬೇಕನಸ್ತೈತಿ.”

ಶಿವಯೋಗಿ ಚೇಷ್ಟೆ ಮಾಡಲಿಲ್ಲ. ಜಮಖಂಡಿ ಬರುವವರೆಗೂ ಹಾಡಿನ ಟ್ರ್ಯಾಕ್ಟರುಗಳ ಹಿಂದೆ ಮೆಲ್ಲಗೆ, ಒಂದು ಕುಳಿಗೂ ಗಾಲಿ ಇಳಿಸದೆ ಓಡಿಸಿದ.

ಪೈಪು ಕೂಡಿಸುವ ಕೆಲಸ ಹಲವು ಸಂಜೆಗಳನ್ನು ತೆಗೆದುಕೊಂಡಿತು. ಅವನು ಸ್ಟ್ಯಾಂಡಿನ ಕೆಳಗೆ ಅಂಗಾತ ಮಲಗಿ ಕೈ ಚಾಚುತ್ತಿದ್ದ, ಅವನು ಕೇಳುವ ಮೊದಲೇ ಅವಳು ಬೇಕಾದ ಬಾಗಿದ ಎಲ್ಬೋ ತುಂಡನ್ನು ಕೈಗಿಡುತ್ತಿದ್ದಳು. ಬೆರಳಿಗೆ ಬೆರಳು ತಾಕಿದರೆ ಇಬ್ಬರೂ ತಾಕಲೇ ಇಲ್ಲವೆಂಬಂತೆ ಇರುತ್ತಿದ್ದರು. ಮೊದಲ ಸಲ ನೀರು ತುಂಬಿದಾಗ ಒಂದು ಹನಿ ಜೋಡಣೆಯಿಂದ ಜಾರಿ ನೇರ ಅವನ ಹುಬ್ಬಿನ ಮೇಲೆ ಬಿತ್ತು.

“ಸೋರಾಕತ್ತೈತಿ” ಎಂದಳು ನಗು ತಡೆಯುತ್ತ.

“ನಿಮ್ಮ ಸಮುದ್ರ ನನ್ನ ನೋಡಿ ಅಳಾಕತ್ತೈತ್ರಿ” ಎಂದ, ಕಣ್ಣು ಮುಚ್ಚಿಕೊಂಡೇ. ಅವಳು ಟವೆಲ್ ಕೊಡಲು ಬಗ್ಗಿದವಳು, ಕೊಡದೆ ತಾನೇ ಒರೆಸಿದಳು. ಅವನು ಕಣ್ಣು ತೆರೆಯುವ ಅವಸರ ಮಾಡಲಿಲ್ಲ.

ಸೋರುವುದು ನಿಂತರೂ ಸದ್ದು ನಿಲ್ಲಲಿಲ್ಲ. ಇಳಿಯುವ ನೀರು ಗಾಳಿಯನ್ನೂ ಎಳೆದುಕೊಂಡು ಗುಳುಗುಳು ಎನ್ನುತ್ತಿತ್ತು. ಶಿವಯೋಗಿ ವಾಲ್ವನ್ನು ಕೂದಲೆಳೆಯಷ್ಟು ತಿರುವುವುದು, ಕಾಯುವುದು, ಮತ್ತೆ ತಿರುವುವುದು ಮಾಡಿದ. ಪರಮಾನಂದರು ಬೇಸತ್ತು ತಿರುಗಾಡಲು ಹೋದರು. ಕಡೆಗೆ ಪೈಪು ಪೂರಾ ತುಂಬಿ ಹರಿಯತೊಡಗಿತು, ಸದ್ದು ಒಮ್ಮೆಲೇ ಅಡಗಿತು.

“ಈಗ ಕೇಳ್ರಿ” ಎಂದ ಅವನು.

ಏನೂ ಕೇಳಿಸಲಿಲ್ಲ. ಆಮೇಲೆ ಅವಳಿಗೆ ತನ್ನ ಉಸಿರು ಕೇಳಿಸಿತು. ಅದರ ಪಕ್ಕದಲ್ಲೇ ಅವನದೂ.

ಅಷ್ಟರಲ್ಲಿ ಅವನಿಗೆ ಫೋನ್ ಬಂತು. “ಹೂಂ ಬೇ ಅವ್ವಾ… ಇಲ್ಲೇ ಜಮಖಂಡ್ಯಾಗ… ಒಬ್ರು ಗಿರಾಕಿ ಮನ್ಯಾಗ ಅದೇನಿ… ಯಾರಂದ್ರ, ಯಾರರೆ ಒಬ್ರು. ನಿನಗ ಗೊತ್ತಿಲ್ಲದವ್ರು.”

ಫೋನ್ ಇಟ್ಟು ತಿರುಗಿದಾಗ ಸಂಘಮಿತ್ರಾ ಟವೆಲ್ಲನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು.

“ಕೆಲಸ ಮುಗೀತಲ್ರಿ” ಎಂದಳು.

“ಇಲ್ಲರಿ. ಮ್ಯಾಲೇರೂ ಪೈಪಿಗೆ ನೀವು ಹೇಳಿದ ತೂತು ಹಾಕೂದು ಉಳದೈತಿ. ಕರೆಂಟ್ ಹೋದ್ರ ಆ ಪೈಪಿನಾಗಿಂದ ನೀರು ಹಿಂದಕ್ಕ ಇಳೀತೈತಿ, ತೂತಿನಾಗಿಂದ ಗಾಳಿ ಹೊಕ್ರ ನಿಲ್ತೈತಿ ಅಂದಿದ್ರಲ್ಲ? ಹಿಂದಕ್ಕ ಬರದಂಗ ತಡಿಯೂ ವಾಲ್ವ್ ಐತಿ, ಆದ್ರೂ—”

“ತೂತು ನಾ ಹಾಕ್ಕೋತೇನಿ. ನನ್ನ ಹೆಸರು ಹೇಳಾಕ ಏನಾಗಿತ್ತು?”

ಅವನ ಮುಖದ ನಗು ಇಳಿಯಿತು. “ಹೆಸರು ಹೇಳಿದ್ರ ಅವ್ವ ಅಡ್ಡಹೆಸರು ಕೇಳ್ತಾಳ. ಅಡ್ಡಹೆಸರು ಹೇಳಿದ್ರ ಓಣಿ ಕೇಳ್ತಾಳ.”

“ಕೇಳಲಿ. ನಮ್ಮಪ್ಪ ನೌಕರಿ ಪೂರ್ತಿ ಎಲ್ಲಾ ಓಣಿಗೂ ಟಪಾಲು ಹಂಚ್ಯಾರ. ಆ ಪ್ರಶ್ನೆ ನಮಗ ಹೊಸಾದಲ್ಲ. ನೀವು ಉತ್ತರ ಹೇಳಾಕ ಅಂಜಿದ್ರಲ್ಲ, ಅದು ಹೊಸಾದು.”

ಶಿವಯೋಗಿ ಸಾಮಾನು ಎತ್ತಿಕೊಂಡು, ಬಾಗಿಲಲ್ಲಿ ಒಮ್ಮೆ ನಿಂತು, ಹೋದ.

ಅವಳು ಉಪ್ಪು ಬೆರೆಸಿದ ನೀರು ತುಂಬಿದಳು, ಸಮುದ್ರದಿಂದ ಕಿತ್ತದ್ದಲ್ಲದ, ಕೈಯಿಂದ ಮಾಡಿದ ಬಂಡೆಗಳನ್ನು ಜೋಡಿಸಿದಳು. ಒಳಗೆ ಕಣ್ಣಿಗೆ ಕಾಣದ ಜೀವಾಣುಗಳು ನೆಲೆಯಾಗುವವರೆಗೂ ಮೀನು ಬಿಡುವಂತಿಲ್ಲ, ಕಾಯಬೇಕು. ಕೆಲವು ವಾರಕ್ಕೆ ಬಂಡೆಗಳಿಗೆಲ್ಲ ಕಂದು ಪಾಚಿ ಹತ್ತಿತು. ಇದು ಸಹಜ, ತಾನೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಾಲೇಜಿನಿಂದ ಬಂದು ಅದರ ಮುಂದೆ ಕೂತಾಗ ಕಣ್ಣು ತುಂಬುತ್ತಿದ್ದವು. ಡ್ರಿಲ್ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಆ ಪೈಪು ಹಾಗೆಯೇ ಉಳಿಯಿತು.

ಬೇಸಿಗೆಯ ಮೊದಲ ಗಾಳಿಮಳೆ ಒಂದು ಮಧ್ಯಾಹ್ನ ಬಂತು. ಅವಳು ಕಾಲೇಜಿನಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದಳು, ಮಾದೇವಿ ಮುಧೋಳದ ತಂಗಿಯ ಮನೆಗೆ ಹೋಗಿದ್ದರು. ಕರೆಂಟ್ ಹೋದದ್ದು ಕಂಡರೂ ಅವಳಿಗೆ ಆ ಪೈಪಿನ ನೆನಪಾಗಲಿಲ್ಲ. ಪರೀಕ್ಷೆ ಮುಗಿಸಿ ಫೋನ್ ತೆಗೆದರೆ ಅಪ್ಪನ ಕರೆಗಳು ಸಾಲಾಗಿದ್ದವು. ಆಟೊ ಹಿಡಿದು ಓಡಿ ಬಂದಳು.

ಅಂಗಳದಲ್ಲಿ ಅಪರಿಚಿತ ಮುದುಕರೊಬ್ಬರು ಧೋತರ ಎತ್ತಿ ಕಟ್ಟಿ, ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತಿದ್ದರು. ಅವಳು ಅವಸರದಲ್ಲಿ ತುಂಬಿದ ಬಕೆಟ್ ಎತ್ತಿ ಕರಿಬೇವಿನ ಕಡೆ ತಿರುಗಿದ್ದೇ ಅವರು ಕೂಗಿದರು: “ಬುಡಕ್ಕ ಚೆಲ್ಲಬ್ಯಾಡ ತಂಗಿ, ಉಪ್ಪೈತಿ. ಗಿಡ ಉಳಿಯಂಗಿಲ್ಲ. ಗಟಾರಕ್ಕ ಹಾಕು.”

“ನೀವು ಯಾರ್ರೀ?”

“ಗಿರಿಮಲ್ಲಪ್ಪ. ಊರು ಹುನ್ನೂರ. ಶಿವಯೋಗಿ ಅಪ್ಪ.” ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದರು. “ಜಗಳಾ ಮಾಡಾಕಂತ ಅವನ ಬೆನ್ನ ಹತ್ತಿ ಬಂದಿದ್ದೆ. ಇಲ್ಲಿ ನೋಡಿದ್ರ ನಿಮ್ಮಪ್ಪ ಒಬ್ಬಾಂವ ಮಂಡಿ ಊರಿ ನೀರು ಬಳಿಯಾಕತ್ತಿದ್ದ. ಮೊದಲು ಇದಾಗಲಿ ಅಂದೆ.”

ಒಳಗೆ ಪರಮಾನಂದರು ಮಂಚದ ಮೇಲೆ ಕಾಲು ಮಡಚಿ ಕೂತು, ಮೇನ್ ಸ್ವಿಚ್ ತಾವೇ ಆರಿಸಿದ್ದನ್ನು ಮಗಳಿಗೆ ಹೇಳಿದರು. ನೀರು ತಡೆಯಬೇಕಾದ ವಾಲ್ವಿನಲ್ಲಿ ಮರಳಿನ ಹರಳೊಂದು ಸಿಕ್ಕು, ಮೇಲಿನ ಟ್ಯಾಂಕಿನ ನೀರೆಲ್ಲ ಹಿಂದಕ್ಕೆ ಇಳಿದು ಕೆಳಗಿನದು ಉಕ್ಕಿತ್ತು. ಶಿವಯೋಗಿ ಬಿಚ್ಚಿದ ವಾಲ್ವನ್ನು ಅಂಗೈಯಲ್ಲಿಟ್ಟುಕೊಂಡು ಎದ್ದು ನಿಂತ. ಮೊಣಕಾಲವರೆಗೂ ತೊಯ್ದಿದ್ದ.

“ಊಟಕ್ಕ ಕುಂತಿದ್ವಿ” ಎಂದ, ಮೆಲ್ಲಗೆ. “ನಿಮ್ಮಪ್ಪಾರ ಫೋನ್ ಬಂತು. ಅವ್ವ ಯಾರದು ಅಂದ್ಲು. ಸಂಘಮಿತ್ರಾ ಅವರ ತಂದಿದು ಅಂದೆ. ಅಕಿ ಯಾರು ಅಂದ್ಲು.”

“ಏನಂದ್ರಿ?”

“ನಾ ಮದುವಿ ಆದ್ರ ಅಕಿನ್ನ ಆಗಾಂವ ಅಂದೆ. ಅಡ್ಡಹೆಸರು ಹೇಳಿದೆ. ಓಣಿನೂ ಹೇಳಿದೆ.”

“ನನ್ನ ಕೇಳದ?”

“ಅದಕ್ಕ ಈಗ ಕೇಳಾಕತ್ತೇನಿ.”

ಅವನ ಕಣ್ಣು ಈ ಸಲ ಅವಳಿಂದ ಸರಿಯಲಿಲ್ಲ. ಸಂಘಮಿತ್ರಾ ಕಪಾಟಿನಿಂದ ಬ್ಯಾಟರಿ ಡ್ರಿಲ್ ತೆಗೆದು ಅವನ ಕೈಗಿಟ್ಟಳು. “ಮೊದಲು ತೂತು ಹಾಕ್ರಿ. ನಾನೂ ಹಾಕಲಿಲ್ಲ, ನೀವೂ ಹಾಕಲಿಲ್ಲ.”

ಹಾಕಿದ. ಕರೆಂಟ್ ಬಂದ ಮೇಲೆ, ಚೆಲ್ಲಿದಷ್ಟು ನೀರು ತುಂಬಿ, ತಡೆಯುವ ವಾಲ್ವ್ ಇಲ್ಲದೆಯೇ, ಪಂಪ್ ಶುರು ಮಾಡಿ ಬೇಕೆಂದೇ ಆರಿಸಿದರು. ಮೇಲಿನ ನೀರು ಬೆರಳಷ್ಟು ಇಳಿಯಿತು, ತೂತು ಸಣ್ಣಗೆ ಗಾಳಿ ಹೀರಿತು, ನೀರು ನಿಂತಿತು.

“ಹೂಂ” ಎಂದಳು ಅವಳು.

“ನೀರು ನಿಂತದ್ದಕ್ಕ ಹೂಂ ಅಂದ್ರೋ, ನನಗೋ?”

“ಎರಡಕ್ಕೂ.”

ಬಾಗಿಲಲ್ಲಿ ಗಿರಿಮಲ್ಲಪ್ಪ ಕೆಮ್ಮಿದರು. “ನಾ ಇನ್ನೂ ಹೂಂ ಅಂದಿಲ್ಲ” ಎಂದರು. “ಚಹಾ ಇದ್ರ ಕೊಡು, ತಂಗಿ. ಕುಡದು ಅನ್ನೂದೋ ಬಿಡೂದೋ ನೋಡ್ತೇನಿ.”

ಅವರು ಹೂಂ ಅಂದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನೀರು ಸೋರತೈತೇನು ನೋಡಿ ಬರ್ತೇನಿ ಎಂದು ಹುನ್ನೂರಿನಿಂದ ಬರುವುದು, ಪರಮಾನಂದರ ಜೊತೆ ಹಳೆಯ ಕಾಲದ ಜಮಖಂಡಿಯ ಮಾತಾಡುತ್ತ ಕೂರುವುದು ಮಾತ್ರ ರೂಢಿಯಾಯಿತು. ಶಿವಯೋಗಿಯ ತಾಯಿ ಸುಂದರವ್ವ ಮಗನ ಜೊತೆ ಮಾತು ಬಿಟ್ಟಿದ್ದರು. ಊಟ ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅವನು ಒಣಗಿಹೋಗಿದ್ದ. “ನಿಮ್ಮವ್ವಗ ಜುಲಮಿ ಮಾಡಬ್ಯಾಡ್ರಿ” ಎಂದು ಸಂಘಮಿತ್ರಾಳೇ ಅವನಿಗೆ ಹೇಳುತ್ತಿದ್ದಳು. “ನಾ ಕಾಯಾಕ ಕಲತೇನಿ.”

ಶ್ರಾವಣದ ಹೊತ್ತಿಗೆ ಕಂದು ಪಾಚಿ ಹೋಗಿತ್ತು. ಪುಣೆಯಲ್ಲಿ ಟ್ಯಾಂಕಿನೊಳಗೇ ಬೆಳೆಸಿದ ಮೆತ್ತನೆ ಹವಳಗಳು ಬಂದು ಬಂಡೆಗೆ ಹತ್ತಿಕೊಂಡವು, ಆಮೇಲೆ ಕಿತ್ತಳೆ ಬಣ್ಣದ ಎರಡು ಮೀನು. ಅವುಗಳನ್ನು ಬಿಟ್ಟ ಭಾನುವಾರ ಗಿರಿಮಲ್ಲಪ್ಪನವರ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು, ಸುಂದರವ್ವ ಬಂದರು. ಯಾರೂ ಕರೆದಿರಲಿಲ್ಲ, ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಕುರ್ಚಿಯ ತುದಿಯಲ್ಲಿ ಕೂತರು. ಟ್ಯಾಂಕನ್ನು ಬಹಳ ಹೊತ್ತು ನೋಡಿದರು.

“ಇದು ಹೂವೋ, ಜೀವೋ?”

“ಜೀವರಿ” ಎಂದಳು ಸಂಘಮಿತ್ರಾ. “ಹಸಿವಾದಾಗ ಹಿಂಗ ಅರಳತೈತಿ.”

“ಮತ್ತ ತಿನ್ನಾಕ ಏನ ಕೊಡ್ತಿ?”

ಸಂಘಮಿತ್ರಾ ಸಣ್ಣ ನಳಿಗೆಯಿಂದ ಆಹಾರ ಬಿಟ್ಟು ತೋರಿಸಿದಳು. ಹವಳದ ಎಳೆಗಳು ಒಂದೊಂದಾಗಿ ಒಳಗೆ ಮಡಚಿದವು. ಸುಂದರವ್ವ ಗಾಜಿಗೆ ಮುಖ ತಂದು ನೋಡಿದರು. ಎದ್ದು ಬಾಗಿಲ ಕಡೆ ನಡೆದರು.

ಆಗ ಅಡುಗೆಮನೆಯಿಂದ ಮಾದೇವಿ ಬಂದರು. ಕೈಯಲ್ಲಿ ಮೊರ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಬಟ್ಟೆ.

“ನಿಲ್ರಿ ಅಕ್ಕಾರ” ಎಂದರು. “ಮನಿಗೆ ಬಂದ ಮುತ್ತೈದಿನ್ನ ಹಂಗ ಕಳಸಬಾರದು. ಉಡಿ ತುಂಬ್ತೇನಿ.”

ಸುಂದರವ್ವನ ಒಂದು ಕಾಲು ಹೊಸ್ತಿಲ ಆಚೆಗಿತ್ತು. ಶಿವಯೋಗಿ ಗೋಡೆ ಹಿಡಿದು ನಿಂತಿದ್ದ. ಪರಮಾನಂದರು ಕನ್ನಡಕ ತೆಗೆದು ಒರೆಸತೊಡಗಿದರು. ಸಂಘಮಿತ್ರಾಳಿಗೆ ಅವ್ವನ ಕೈಯಿಂದ ಮೊರ ಕಸಿದುಕೊಳ್ಳಬೇಕು ಎನಿಸಿತು, ಯಾರ ಎದುರೂ ಅವ್ವನ ಕೈ ಹಾಗೆ ಚಾಚಿಕೊಂಡೇ ಉಳಿಯಬಾರದು.

ಸುಂದರವ್ವ ಕಾಲು ಹಿಂದಕ್ಕೆ ತಂದರು. ಮೂಡಣಕ್ಕೆ ಮುಖ ಮಾಡಿ ನಿಂತು, ಸೆರಗಿನ ಎರಡೂ ತುದಿ ಹಿಡಿದು ಉಡಿ ಒಡ್ಡಿದರು.

ಅಕ್ಕಿ ಬೀಳುವ ಸದ್ದು ಮನೆಯ ತುಂಬ ಕೇಳಿಸಿತು. ಮೂರನೆಯ ಬೊಗಸೆ ಬಿದ್ದ ಮೇಲೆ ಸುಂದರವ್ವ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾದೇವಿಯ ಕೈ ಹಿಡಿದುಕೊಂಡರು.

“ಹುನ್ನೂರಿಗೆ ಯಾವಾಗ ಬರ್ತೀರಿ, ಬೀಗತಿ?” ಎಂದರು. “ನಾನೂ ತುಂಬಬೇಕಲ್ಲ.”

ಶಿವಯೋಗಿ ಹಜಾರದ ಆ ತುದಿಯಿಂದ ಸಂಘಮಿತ್ರಾಳನ್ನು ನೋಡಿದ. ಅವನ ಹುಬ್ಬಿನಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಅವಳು ಎಲ್ಲರ ಮುಂದೆಯೇ ನಡೆದು ಹೋಗಿ ಅವನ ಪಕ್ಕದಲ್ಲಿ ನಿಂತಳು.