ಮಾವಿನ ಬುಡದ ಅಣಬೆ

"ಹ್ವಾಯ್... ಕೈ ನಿಲ್ಸಿ! ಅದ್ನ ಒಡಿಬ್ಯಾಡಿ!"

ಎತ್ತಿದ ಕತ್ತಿ ಎತ್ತಿದಲ್ಲೇ ನಿಂತಿತು. ಜಿತೇಂದ್ರ ತಿರುಗಿ ನೋಡಿದ. ಹೊಳೆ ಕಡೆಯ ಬೇಲಿಯ ದಣಪೆ ದಾಟಿ ಹುಡುಗಿಯೊಬ್ಬಳು ಅಂಗಳಕ್ಕೆ ನುಗ್ಗುತ್ತಿದ್ದಳು. ಬೆನ್ನಿಗೆ ಚೀಲ, ಕೈಯಲ್ಲೊಂದು ಮರದ ಸುತ್ತಿಗೆ, ಕಾಲಿಗೆಲ್ಲ ಕೆಸರು.

ಅವನೆದುರಿಗೆ ಇದ್ದದ್ದು ಹಳೆಯ ಮಾವಿನ ಮರ. ಅದರ ಬುಡದಲ್ಲಿ, ಗೋಡೆಗೆ ಹೊಡೆದ ಹಲಗೆಯಂತೆ, ಕಂದು ಬಣ್ಣದ ಗಟ್ಟಿ ಅಣಬೆಯೊಂದು ಅಡ್ಡಕ್ಕೆ ಚಾಚಿತ್ತು.

"ನೀವ್ ಯಾರ್?"

"ಪ್ರೇಕ್ಷಾ. ಯಡ್ತರೆಯವಳ್. ಮರ ತಿಂಬ ಅಣಬೆ ಮೇಲೆ ಸಂಶೋಧನೆ ಮಾಡ್ತಾ ಇದ್ದೆ. ಒಂದ್ ಗಳಿಗೆ ಕೊಡಿ, ಫೋಟೋ ತೆಕ್ಕಂತೆ..."

"ಮರ ನಮ್ದ್, ಕತ್ತಿ ನಮ್ದ್. ನಿಮ್ಗೆಂತ?"

ಕತ್ತಿ ಇಳಿಯಿತು. ಅಣಬೆ ಎರಡು ತುಂಡಾಗಿ ಅವಳ ಕಾಲ ಬಳಿ ಬಿತ್ತು.

ಪ್ರೇಕ್ಷಾಳಿಗೆ ಸಿಟ್ಟು ನೆತ್ತಿಗೇರಿತು. ಎಂಥ ಒರಟ ಇವನು! ಆದರೆ ತುಂಡು ಎತ್ತಿಕೊಳ್ಳಲು ಬಗ್ಗಿದಾಗ ಕಣ್ಣು ಬುಡದ ಸುತ್ತ ಆಡಿತು. ತೊಗಟೆಯ ಮೇಲೆ ಅಲ್ಲಲ್ಲಿ ಹಳೆಯ ಕತ್ತಿಯ ಗಾಯಗಳು. ಒಂದೇ ಮಳೆಗಾಲದವಲ್ಲ.

"ನೀವ್ ಇದ್ನ ವರ್ಷ ವರ್ಷ ಒಡಿತ್ರಿ, ಅಲ್ದಾ?"

ಅವನ ಮುಖದ ಬಣ್ಣ ಇಳಿಯಿತು. ನೋಟ ಮನೆಯ ಕಿಟಕಿಯತ್ತ ಓಡಿ ಹಿಂದಕ್ಕೆ ಬಂತು.

"ಮೆಲ್ಲ ಮಾತಾಡಿ," ಅಂದ. "ಅಮ್ಮ ಒಳಗಿದ್ರ್."

ಈಗಷ್ಟೇ ಮೈಮೇಲೆ ಏರಿ ಬಂದವನಿಗೆ ಇಷ್ಟು ಅಂಜಿಕೆ ಯಾಕೆ? ಅವಳು ಕೇಳುವ ಮೊದಲೇ ಒಳಗಿನಿಂದ ಅವನ ತಾಯಿ ರತ್ನ ಹೊರಗೆ ಬಂದರು. ಹಣೆಯ ತುಂಬ ಕುಂಕುಮ, ಕೈ ತುಂಬ ಗಾಜಿನ ಬಳೆ.

"ಯಾರ್ ಮಗಾ ನೀನ್? ಬಿಸಿಲಿಗ್ ನಿಂತ್ಕಂಡ್ ಎಂತ ಮಾಡ್ತೆ? ಬಾ, ಕೂಕೋ."

ಪ್ರೇಕ್ಷಾ ಜಗಲಿಯಲ್ಲಿ ಕೂತಳು. ಗೋಡೆಯ ಗೂಟದಲ್ಲಿ ಒಗೆದು ಇಸ್ತ್ರಿ ಮಾಡಿದ ಗಂಡಸಿನ ಅಂಗಿ ತೂಗುತ್ತಿತ್ತು. ಮಾತಿಗೆ ಮಾತು ಬೇಕಲ್ಲ ಎಂದು ಕೇಳಿದಳು.

"ಯಜಮಾನ್ರ್ ಕಡಲಿಗಾ ಅಮ್ಮ?"

"ಹೌದ್. ಕಡಲಿಗ್ ಹೋಯಿದ್ರ್."

ಜಿತೇಂದ್ರ ತಲೆ ತಗ್ಗಿಸಿ ಹೊಳೆ ಕಡೆ ನಡೆದುಬಿಟ್ಟ. ತಾನೇನೋ ಆಡಬಾರದ್ದು ಆಡಿದೆ ಎಂದು ಪ್ರೇಕ್ಷಾಳಿಗೆ ಗೊತ್ತಾಯಿತು. ಏನು ಎಂದು ಮಾತ್ರ ಗೊತ್ತಾಗಲಿಲ್ಲ.

ಗೊತ್ತಾದದ್ದು ದೋಣಿಯಲ್ಲಿ. ಹೊಳೆಯ ಕುದ್ರು ಎನ್ನುವ ನಡುಗಡ್ಡೆಗಳಲ್ಲಿ ಹಳೆಯ ಮರಗಳಿದ್ದವು, ಅವಳಿಗೆ ಅಲ್ಲಿಗೆ ಹೋಗಬೇಕಿತ್ತು. ಜಿತೇಂದ್ರ ಹೊಳೆಯಲ್ಲಿ ಪಂಜರ ಕಟ್ಟಿ ಮೀನು ಸಾಕುವವನು, ದೋಣಿ ಅವನದೇ. ಕರೆದುಕೊಂಡು ಹೋಗು ಎಂದು ಹೇಳಿದ್ದು ರತ್ನ. ತಾಯಿಯ ಮಾತಿಗೆ ಅವನಲ್ಲಿ ಎದುರುತ್ತರ ಇರಲಿಲ್ಲ.

"ಅಪ್ಪಯ್ಯ ಕಡಲಿಗ್ ಹೋದ್ದ್ ಹೌದ್," ಅಂದ, ಹುಟ್ಟು ಹಾಕುತ್ತಲೇ. "ಹೊಳೆ ಕಡಲಿಗ್ ಸೇರೂ ಅಳಿವೆಯಂಗೆ ದೋಣಿ ಮಗುಚಿತ್. ಉಳಿದವ್ರೆಲ್ಲ ಸಿಕ್ಕ್‌ರ್... ಅಪ್ಪಯ್ಯ ಸಿಗ್ಲಿಲ್ಲೆ. ನಾನ್ ಆಗಳ್ ಕಾಲೇಜ್ ಮುಗ್ಸಿದ್ದೆ ಅಷ್ಟೇ."

ಮನೆಯ ಹಿರಿಯರು ತೀರಿಕೊಂಡ ದಿನ ಹಿತ್ತಲಿನ ಮಾವಿನ ಮರ ಕಡಿದು ಚಿತೆಗೆ ಒಟ್ಟುವುದು ಈ ಕಡೆಯ ಕ್ರಮ. ಜಿತೇಂದ್ರನ ತಂದೆ ಲೀಲಾಧರ ಬದುಕಿದ್ದಾಗ ಅಂಗಳದ ಆ ಮರ ತೋರಿಸಿ, "ನಂಗ್ ಇದೇ ಸಾಕ್, ಹಣ್ಣ್ ಹುಳಿ ಆದ್ರೂ ಬೆಂಕಿ ಚಲೋ ಹಿಡಿತ್ತ್" ಎಂದು ತಮಾಷೆ ಮಾಡುತ್ತಿದ್ದರಂತೆ. ದೇಹ ಬರಲಿಲ್ಲ. ಮರ ಕಡಿಯಲಿಲ್ಲ. ಮರ ನಿಂತಿರುವ ತನಕ ಅವರೂ ಇದ್ದಾರೆ ಎಂದು ರತ್ನ ಹಿಡಿದ ಹಟ. ಒಂದು ರೆಂಬೆ ಮುರಿಯಲೂ ಯಾರನ್ನೂ ಬಿಡರು.

"ಅದ್ಕೇ ಅಣಬೆ ಒಡಿತೆ," ಅಂದ ಜಿತೇಂದ್ರ. "ಮರಕ್ಕ್ ಸೀಕ್ ಬಂದಿತ್ ಅಂದೇಳಿ ಅಮ್ಮನಿಗ್ ಗೊತ್ತಾಪುದ್ ಬ್ಯಾಡ. ಒಡ್ದ್ ಒಡ್ದ್ ಒಂದಿನ ಹೋತ್ತ್ ಅಂದೇಳಿ..."

ಮೊದಲ ದಿನ ಒರಟ ಅಂದುಕೊಂಡವನ ಮೇಲೆ ಈಗ ಬರುತ್ತಿರುವುದು ಕನಿಕರವೋ, ಬೇರೆ ಏನೋ... ಪ್ರೇಕ್ಷಾ ಮುಖ ತಿರುಗಿಸಿ ನೀರು ನೋಡಿದಳು.

ಆ ಮೇಲೆ ವಾರಕ್ಕೊಮ್ಮೆಯಾದರೂ ದೋಣಿ ಕುದ್ರುವಿಗೆ ಹೋಯಿತು. ಅವಳು ತೋರಿಸುತ್ತಿದ್ದಳು, ಅವನು ನೋಡುತ್ತಿದ್ದ. ಕೊಡೆಯಂಥ ಅಣಬೆಗೆ ಅಡಿಯಲ್ಲಿ ಎಸಳು, ಹಲಗೆಯಂಥ ಇವಕ್ಕೆ ಅಡಿಯಲ್ಲಿ ಸೂಜಿಮೊನೆಯಷ್ಟು ತೂತುಗಳು. ಕೆಲವು ಒಂದೇ ಮಳೆಗಾಲಕ್ಕೆ ಮುಗಿಯುತ್ತವೆ, ಕೆಲವು ಪದರದ ಮೇಲೆ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಇರುತ್ತವೆ. ಬಿದ್ದ ಮರವನ್ನಷ್ಟೇ ತಿನ್ನುವವು ಬೇರೆ, ನಿಂತ ಮರದೊಳಗೆ ಹೊಗುವವು ಬೇರೆ. ಒಂದು ಬಗೆ ಕಟ್ಟಿಗೆಯನ್ನು ಕಂದು ಚೂರುಗಳಾಗಿ ಒಡೆಯುತ್ತದೆ, ಇನ್ನೊಂದು ಬಗೆ ಬಿಳಿ ನಾರಾಗಿ ಬಿಡಿಸುತ್ತದೆ.

"ಇದ್ರ್ ಅಡಿ ಬೆಳ್ಳಗಿತ್ತಲೆ, ಉಗುರಂಗೆ ಗೀರಿ ಕಾಣಿ," ಅಂದಳು ಒಂದು ದಿನ, ದೊಡ್ಡದೊಂದು ಅಣಬೆ ಕೊಟ್ಟು.

ಅವನು ಗೀರಿದ. ಬಿಳಿಯ ಮೇಲೆ ಕಂದು ಗೆರೆ ಮೂಡಿತು. ಸಣ್ಣ ಹುಡುಗನ ಹಾಗೆ ಖುಷಿಯಾಗಿ ಒಂದು ದೋಣಿ ಬರೆದ. ದೋಣಿಯಲ್ಲಿ ಇಬ್ಬರು. ಒಬ್ಬಳಿಗೆ ಜಡೆ ಇತ್ತು.

"ಇವಳ್ ಯಾರ್?" ಪ್ರೇಕ್ಷಾ ಕೇಳಿದಳು, ಗೊತ್ತಿಲ್ಲದವಳ ಹಾಗೆ.

"ಗೊತ್ತಿಲ್ಲೆ. ದೋಣಿ ಹತ್ತಿ ಕೂಕಂಡಳ್. ಇಳಿ ಅಂಬುಕೆ ಮನ್ಸ್ ಬತ್ತಿಲ್ಲೆ."

ಪ್ರೀತಿ ಹೀಗೇ ಬರುವುದು. ಕದ ತಟ್ಟಿ ಬರುವ ಜಾತಿಯಲ್ಲ ಅದು. ಇಬ್ಬರಿಗೂ ಗೊತ್ತಾಗಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಆದರೆ ಒಂದು ಕೆಲಸವನ್ನು ಅವಳು ಮುಂದೂಡುತ್ತಾ ಬಂದಿದ್ದಳು. ಕೊನೆಗೂ ಒಂದು ಮಧ್ಯಾಹ್ನ ಸುತ್ತಿಗೆ ಹಿಡಿದು ಮಾವಿನ ಮರದ ಸುತ್ತ ಬಡಿಯುತ್ತಾ ಬಂದಳು. ಗಟ್ಟಿ ಮರ ಟಣ್ ಅನ್ನಬೇಕು. ಇದು ಹೊಳೆ ಕಡೆಯಿಂದ ಮನೆ ಕಡೆಯ ತನಕವೂ ಡೊಳ್ಳು ಬಡಿದ ಹಾಗೆ ಡುಬ್ ಡುಬ್ ಅಂದಿತು. ಅವಳು ತಲೆ ಎತ್ತಿ ನೋಡಿದಳು. ಮರ ಮನೆಯ ಕಡೆಗೇ ವಾಲಿತ್ತು. ನೇರ ಕೆಳಗೆ ರತ್ನ ಮಲಗುವ ಕೋಣೆಯ ಹಂಚು.

ಪಂಜರದ ಬಳಿ ಮೀನಿಗೆ ತೀನಿ ಹಾಕುತ್ತಿದ್ದ ಜಿತೇಂದ್ರನ ಹತ್ತಿರ ಹೋಗಿ ಹೇಳಿದಳು.

"ಮರ ಒಳಗೆ ಪೂರ್ತಿ ಟೊಳ್ಳ್. ಒಂದ್ ದೊಡ್ ಗಾಳಿ ಸಾಕ್."

"ನಾನ್ ಒಡಿತಾ ಇದ್ದೆ ಅಲ್ದಾ..."

"ಹೊರಗ್ ಕಾಂಬುದ್ ಬರೀ ಅದ್ರ್ ಕಾಯಿ. ಮಾವಿನ್ಕಾಯಿ ಕೊಯ್ದ್ರೆ ಮರ ಸಾಯತ್ತಾ? ಹಾಂಗೇ. ತಿಂಬ ಜೀವ ಒಳಗಿತ್ತ್. ಹೊರಗ್ ಕಾಣುಕೆ ಎಷ್ಟೋ ವರ್ಷ ಮುಂಚೆ ತಿಂಬುಕೆ ಶುರು ಮಾಡಿತ್ತ್."

ಅವನು ತೀನಿಯ ಬುಟ್ಟಿ ಕೆಳಗಿಟ್ಟ.

"ಅಮ್ಮನಿಗ್ ಹೇಳ್ಬ್ಯಾಡಿ. ಆ ಮರ ಬಿದ್ರೆ ಅಮ್ಮ ಉಳುದಿಲ್ಲೆ. ಹಗ್ಗ ಕಟ್ತೆ, ಊರುಗೋಲ್ ಕೊಡ್ತೆ. ನಂಗೆ ಮಾತ್ ಕೊಡಿ ಪ್ರೇಕ್ಷಾ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು. ಅವಳು ಮಾತು ಕೊಟ್ಟಳು. ಹೇಳಿದರೆ ಅವನು ತನ್ನಿಂದ ದೂರ ಹೋಗುತ್ತಾನೆ. ಹೇಳದಿದ್ದರೆ ಆ ತಾಯಿ...

ಮಳೆಗಾಲ ಹತ್ತಿರ ಬಂತು. ಒಂದು ಸಂಜೆ ಗಾಳಿ ಎದ್ದಿತು. ಮರದ ಬುಡ ಕರ್ ಎಂದು ನರಳಿದ್ದು ಜಗಲಿಯಲ್ಲಿದ್ದ ಪ್ರೇಕ್ಷಾಳಿಗೂ ರತ್ನರಿಗೂ ಕೇಳಿಸಿತು. ರತ್ನ ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿದರು.

"ಮಗಾ, ಅವತ್ತ್ ನೀನ್ ಸುತ್ತಿಗೆಯಂಗೆ ಬಡ್ದ್ ಕಂಡಿ. ಒಳಗೆಂತ ಇತ್ತ್?"

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಪ್ರೇಕ್ಷಾಳಿಗೆ ಗಾದೆ ಗೊತ್ತಿತ್ತು. ಆದರೆ ತಾಯಿಯೇ ಮುಖ ನೋಡಿ ಕೇಳುವಾಗ ಸುಳ್ಳು ನಾಲಿಗೆಗೆ ಬರಲಿಲ್ಲ.

"ಎಂತದೂ ಇಲ್ಲೆ ಅಮ್ಮ. ಟೊಳ್ಳ್."

"ಹ್ವಾದ ವರ್ಷವೂ ಹಣ್ಣ್ ಬಿಟ್ಟಿತ್ತಲೆ. ಅದ್ ಹ್ಯಾಂಗೆ?"

"ಮರದ್ ಜೀವ ಇಪ್ಪುದ್ ತೊಗಟೆ ಅಡಿಯಂಗೆ. ನಡು ತಿರುಳ್ ಮೊದ್ಲೇ ಸತ್ತ್ ಕಟ್ಟಿಗೆ ಆಗಿರತ್ತ್. ಅಣಬೆ ತಿಂಬುದ್ ಅದ್ನ. ತಿಂದ್ರೂ ಮರ ಚಿಗುರತ್ತ್, ಹಣ್ಣ್ ಬಿಡತ್ತ್. ಆದ್ರೆ ನಿಂತ್ಕಂಬ ಬಲ ಇರುದಿಲ್ಲೆ."

"ಹಾಂಗಾರೆ ಹಣ್ಣ್ ಬಿಟ್ಟದ್ದ್ ಸುಳ್ಳಲ್ಲ."

"ಸುಳ್ಳಲ್ಲ ಅಮ್ಮ. ಟೊಳ್ಳಾದದ್ದೂ ಸುಳ್ಳಲ್ಲ. ನೀವ್ ಆ ಕೋಣೆಯಂಗೆ ಮಲಗ್ಬ್ಯಾಡಿ, ನಿಮ್ ಕಾಲಿಗ್ ಬೀಳ್ತೆ..."

ರತ್ನ ಸೆರಗು ಬಾಯಿಗೆ ಒತ್ತಿ ಒಳಗೆ ಹೋದರು. ಪ್ರೇಕ್ಷಾ ತಿರುಗಿದರೆ ಮೆಟ್ಟಿಲ ಬಳಿ ಜಿತೇಂದ್ರ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಮಾತ್ ಕೊಟ್ಟಿದ್ರಿ."

"ಅವ್ರೇ ಕೇಳ್ರ್..."

"ಇಷ್ಟ್ ವರ್ಷ ನಾನ್ ಕಾಪಾಡ್ಕಂಡ್ ಬಂದದ್ದನ್ನ ಒಂದ್ ಗಳಿಗೆಯಂಗೆ ಮುಗ್ಸ್ದ್ರಿ. ನಿಮ್ಗ್ ಅದ್ ಬರೀ ಅಣಬೆ. ನಮ್ಗ್ ಅಪ್ಪಯ್ಯ." ಅವನ ದನಿ ಒಡೆಯಿತು. "ಇನ್ನ್ ಈ ಅಂಗಳಕ್ಕ್ ಬರ್ಬ್ಯಾಡಿ."

ಅವಳು ಚೀಲ ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಯಡ್ತರೆಯ ತನಕ ಕಿಟಕಿ ಕಡೆ ಮುಖ ಮಾಡಿಯೇ ಕೂತಳು. ತಪ್ಪು ಮಾಡಿದೆ ಅನ್ನಿಸಲಿಲ್ಲ, ಅದೇ ಹೆಚ್ಚು ನೋಯಿಸುತ್ತಿತ್ತು.

ಮಳೆ ಇನ್ನೂ ಹಿಡಿದಿರಲಿಲ್ಲ, ಆಗಲೇ ಒಂದು ಬೆಳಿಗ್ಗೆ ಫೋನು ಬಂತು.

"ಮಗಾ, ರತ್ನ ಮಾತಾಡುದ್. ನಾಳೆ ಮರ ಕಡಿತ್ರ್. ದೇಹ ಸಿಗ್ದವ್ರಿಗೆ ದರ್ಭೆ ಹುಲ್ಲಂಗೆ ಮನ್ಷ್ಯನ್ ಆಕಾರ ಕಟ್ಟಿ ಸುಡೂ ಕ್ರಮ ಇತ್ತಂಬ್ರ್, ಭಟ್ರ್ ಹೇಳ್ರ್. ನೀನ್ ಬರ್ಕ್."

"ಅವ್ರ್..." ಪ್ರೇಕ್ಷಾಳ ಮಾತು ತಡವರಿಸಿತು. "ಅವ್ರ್ ಬರ್ಬ್ಯಾಡ ಅಂದಿದ್ರ್ ಅಮ್ಮ."

"ಮನಿ ನಂದ್. ಬಾ."

ಮರುದಿನ ಅಂಗಳದಲ್ಲಿ ಮರ ಕಡಿಯುವ ಗಣಪ ಕೊಡಲಿ ಹಿಡಿದು ಕಾಯುತ್ತಿದ್ದ. ಮೊದಲ ಪೆಟ್ಟು ಮಗನೇ ಹಾಕಬೇಕು. ಜಿತೇಂದ್ರ ಕೊಡಲಿ ಎತ್ತಿದ. ಅಣಬೆಯನ್ನು ಅಷ್ಟು ಸಲ ಒಡೆದ ಕೈ ಮರದ ಮೇಲೆ ಬೀಸಲಾರದೆ ಹೋಯಿತು. ಎತ್ತಿದ್ದನ್ನು ಇಳಿಸಿದ. ಮತ್ತೆ ಎತ್ತಿದ. ಓಡಿ ಹೋಗಿ ಆ ಕೈ ಹಿಡಿಯಬೇಕು ಎಂದು ಪ್ರೇಕ್ಷಾಳಿಗೆ ಅನ್ನಿಸಿತು. ಅದು ಅವಳ ಜಾಗವಾಗಿರಲಿಲ್ಲ.

ರತ್ನ ಮಗನ ಪಕ್ಕಕ್ಕೆ ಹೋಗಿ ನಿಂತರು.

"ಹಾಕ್ ಮಗಾ."

"ಅಮ್ಮ... ಹಾಕಿದ್ರೆ ಅಪ್ಪಯ್ಯ ಹೋದಾಂಗೆ."

"ಅವ್ರ್ ಹೋಯಿ ಎಷ್ಟ್ ಕಾಲ ಆಯ್ತ್. ನಂಗ್ ಗೊತ್ತಿಲ್ದಾ?" ರತ್ನ ಅವನ ಬೆನ್ನ ಮೇಲೆ ಕೈ ಇಟ್ಟರು. "ಮಳೆಗಾಲ ಮಳೆಗಾಲ ನೀನ್ ಕತ್ತಿ ಹಿಡ್ಕಂಡ್ ಅಣಬೆ ಒಡಿಯೂದ್ ಕಿಟಕಿಯಂಗೆ ಕಾಂತಿದ್ದೆ. ನನ್ ಮಗ ಅಪ್ಪನ್ನ ಕಾಯ್ತಾ ಇದ್ದ, ನಾನ್ ಬಿಟ್ರೆ ಅವ ಒಡ್ದ್ ಹೋತ ಅಂದೇಳಿ ಸುಮ್ನಿದ್ದೆ. ನೀನ್ ನನ್ ಸಲುವಾಗಿ, ನಾನ್ ನಿನ್ ಸಲುವಾಗಿ. ಸಾಕ್ ಮಗಾ."

ಜಿತೇಂದ್ರ ತಾಯಿಯ ಮುಖ ನೋಡಿದ. ಆಮೇಲೆ ಕೊಡಲಿ ಬೀಸಿದ. ಆ ಒಂದು ಪೆಟ್ಟಿಗೆ ತಾಯಿ, ಮಗ, ಪ್ರೇಕ್ಷಾ ಮೂವರೂ ಅತ್ತರು. ಗಣಪ ಮಾತ್ರ ಬೇರೆ ಕಡೆ ತಿರುಗಿ ನಿಂತ.

ಹಗ್ಗ ಕಟ್ಟಿ ಹೊಳೆ ಕಡೆಗೆ ಎಳೆದು ಮರ ಇಳಿಸಿದರು. ಬುಡದಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಪೊಳ್ಳು. ಒಳಗೆ ಒದ್ದೆ ಹತ್ತಿಯ ಹಾಗೆ ಬಿಳಿ ನಾರು, ಮುಟ್ಟಿದರೆ ಕೈಗೆ ಬರುತ್ತಿತ್ತು. ಸುತ್ತ ಮಾತ್ರ ಬೆರಳುದ್ದ ದಪ್ಪದ ಗಟ್ಟಿ ಮರ.

"ಇಷ್ಟ್ ದಿನ ನಿಂತದ್ದೇ ದೊಡ್ದ್," ಅಂದ ಗಣಪ. "ಮೊದ್ಲ್ ಮಳೆ ಗಾಳಿ ಇದ್ನ ಬಿಡ್ತಿರ್ಲಿಲ್ಲೆ."

ಜಿತೇಂದ್ರ ಒಮ್ಮೆ ಪೊಳ್ಳು ನೋಡಿದ, ಒಮ್ಮೆ ತಾಯಿಯ ಕೋಣೆಯ ಹಂಚು ನೋಡಿದ. ಬೆವರು ಒರೆಸಿಕೊಂಡು ಅಲ್ಲೇ ಕೂತ.

ಸುತ್ತಲಿನ ಗಟ್ಟಿ ಕಟ್ಟಿಗೆ ಹೊಳೆದಂಡೆಗೆ ಹೋಯಿತು. ದರ್ಭೆಯ ಆಕಾರ ಸುಡಲು ಭಟ್ಟರ ಜೊತೆ ಗಂಡಸರು ಹೋದರು. ಪ್ರೇಕ್ಷಾ ರತ್ನರ ಜೊತೆ ಜಗಲಿಯಲ್ಲೇ ಉಳಿದಳು. ಹೊಗೆ ಮೇಲೆದ್ದಾಗ ರತ್ನ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಹೊಗೆ ತೆಳುವಾದ ಮೇಲೆ ಒಂದೇ ಮಾತು ಅಂದರು.

"ಚಲೋ ಹಿಡೀತ್ ಬೆಂಕಿ."

ಜಿತೇಂದ್ರ ಹೊಳೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಬಂದ. ರತ್ನ ಒಳಗೆ ಹೋದರು. ಬೇಕೆಂದೇ ಹೋದರು ಎಂದು ಪ್ರೇಕ್ಷಾಳಿಗೆ ಅನ್ನಿಸಿತು. ಜಿತೇಂದ್ರ ಚಿತೆಗೆ ಬೆಂಕಿ ಕೊಟ್ಟು ಸೂತಕ ಹಿಡಿದವನು, ಮುಟ್ಟುವ ಹಾಗಿಲ್ಲ. ಜಗಲಿಯ ಕೆಳಗೆ ದೂರದಲ್ಲೇ ನಿಂತ. ಪ್ರೇಕ್ಷಾ ಎದ್ದು ಚೀಲಕ್ಕೆ ಕೈ ಹಾಕಿದಳು.

"ನಾನ್ ಹೊರಡ್ತೆ."

"ನಿಮ್ಮನ್ನ ಬರ್ಬ್ಯಾಡಿ ಅಂದಿದ್ದೆ."

"ಅಂದಿದ್ರಿ."

"ಆ ದಿನದಿಂದ ಸಮಾ ನಿದ್ದೆ ಇಲ್ಲೆ. ಕರೂಕೆ ಬಾಯಿ ಬರ್ಲಿಲ್ಲೆ. ಯಾವ ಮುಖ ಹೊತ್ಕಂಡ್ ಕರೂದ್?" ತಲೆಯಿಂದ ನೀರು ಇಳಿಯುತ್ತಿತ್ತು, ಕಣ್ಣಿನದೂ ಅದರಲ್ಲೇ ಸೇರಿತ್ತು. "ನೀವ್ ಅವತ್ತ್ ಸುಮ್ನಿದ್ದಿದ್ರೆ ಅಮ್ಮ ಇರ್ತಿರ್ಲಿಲ್ಲೆ. ನಂಗ್ ಸಿಟ್ಟ್ ಬಂದದ್ದ್ ನಿಮ್ ಮೇಲಲ್ಲ. ನಂಗ್ ಹೆದ್ರಿಕೆ ಆಯ್ತ್."

"ನಂಗೂ ಆಯ್ತ್," ಅಂದಳು ಅವಳು. "ಹೇಳ್ದ್ ಮೇಲೆ ನೀವ್ ನಂಗ್ ಸಿಗುದಿಲ್ಲೆ ಅಂದೇಳಿ ಗೊತ್ತಿದ್ದೇ ಹೇಳ್ದೆ."

ಅವನು ಮುಖದ ನೀರು ಒರೆಸಿಕೊಂಡ.

"ಪ್ರೇಕ್ಷಾ, ನಂಗ್ ನೀವ್ ಬೇಕ್. ಸೂತಕದಂಗೆ ಆಡೂ ಮಾತಲ್ಲ ಇದ್. ಆದ್ರೆ ಆಡ್ದೇ ಇಪ್ಪುದ್ ಈ ಮನಿಯಂಗೆ ಸಾಕಾಯ್ತ್."

ಪ್ರೇಕ್ಷಾ ಕಂಬ ಹಿಡಿದುಕೊಂಡಳು. ಇಷ್ಟು ದಿನ ಒಳಗೇ ನುಂಗಿದ್ದೆಲ್ಲ ಕಣ್ಣಿಗೆ ಬಂತು.

"ಸೂತಕ ಕಳೂ ಬೊಜ್ಜದ್ ದಿನ ಊರಿಗೆಲ್ಲ ಊಟ ಇತ್ತ್," ಅವನು ಮೆಲ್ಲಗೆ ಕೇಳಿದ. "ನೀವ್ ಎಲೆ ಮುಂದ್ ಕೂಕಂಡ್ ಉಂಬುಕ್ ಬತ್ರಿಯಾ... ಅಲ್ಲ, ಮನಿಯವ್ರ್ ಜೊತೆ ನಿಂತ್ಕಂಡ್ ಬಡ್ಸುಕ್ ಬತ್ರಿಯಾ?"

ನೆಂಟರು ಉಣ್ಣುತ್ತಾರೆ, ಮನೆಯವರು ಬಡಿಸುತ್ತಾರೆ. ಅವನು ಕೇಳಿದ್ದು ಏನು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬಡ್ಸುಕ್ ಬತ್ತೆ," ಅಂದಳು.

"ಹಾಂಗಾರೆ ಬೆಳಿಗ್ಗೇ ಬಾ," ಅಂದ ಜಿತೇಂದ್ರ. "ಅಮ್ಮ ಒಬ್ರಿಗೇ ಅನ್ನ ಬಗ್ಸುಕ್ ಆತಿಲ್ಲೆ."